ಠಾಣೆ ಜಿಲ್ಲೆ ಮಾತ್ರ ಬಿಳಿಯಾಗಿತ್ತು

ಮೊನ್ನೆ ಬೆಳಿಗ್ಗೆ ಮಗಳು ಬಣ್ಣದ ಪೆನ್ಸಿಲುಗಳನ್ನು ಕೆತ್ತುತ್ತ ಕೂತಿದ್ದಳು. ನಾನು ಕಾಮೋಠೆಯ ನಮ್ಮ ಪುಟ್ಟ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದೆ. ಕೆತ್ತಿದ ಮರದ ಸಿಹಿ ವಾಸನೆಯೊಂದು ಎಣ್ಣೆಯ ಹೊಗೆಯನ್ನು ಸೀಳಿಕೊಂಡು ಬಂತು. ಈ ವಾಸನೆಗೆ ನಿಮಗಾದರೆ ನಿಮ್ಮ ಶಾಲೆ ನೆನಪಾಗಬಹುದು. ನನಗೆ ನೆನಪಾದದ್ದು ಡೊಂಬಿವಲಿಯ ಮೂರನೇ ಮಹಡಿಯ ಒಂದು ಗೋಡೆ, ಗೋಡೆಯ ತುಂಬ ಒಂದು ಭಾರತ, ಅದರ ಮುಂದೆ ಸ್ಟೂಲು ಹತ್ತಿ ನಿಂತ ಹಣಮಂತ ಕಾಕಾ. ದೋಸೆ ಒಂದು ಸೀದೇ ಹೋಯಿತು.

ನಾನು ಮದುವೆಯಾಗಿ ಉಡುಪಿಯಿಂದ ಡೊಂಬಿವಲಿಗೆ ಬಂದದ್ದು ಎರಡು ಸಾವಿರದ ಮೂರರಲ್ಲಿ. ಗಂಡ ಸಾನಪಾಡಾದಲ್ಲಿದ್ದ ತಮ್ಮ ಸೋದರಮಾವನ ಹೋಟೆಲಿಗೆ ಬೆಳಿಗ್ಗೆ ಐದಕ್ಕೇ ಹೊರಡುತ್ತಿದ್ದರು. ನನಗೆ ಠಾಣೆಯ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಮನೆಯಿಂದ ಸ್ಟೇಷನ್ನು, ಸ್ಟೇಷನ್ನಿನಿಂದ ಆಫೀಸು. ಇಷ್ಟು ನನ್ನ ಭೂಗೋಳ. ಎದುರುಮನೆಯವರು ಬಾಗಲಕೋಟೆ ಕಡೆಯ ಗಂಡಹೆಂಡತಿ, ಹಣಮಂತ ಕಾಕಾ ಮತ್ತು ಇಂದೂ ಕಾಕೂ. ಮೊದಲ ದಿನ ಮೊಸರಿಗೆ ಹೆಪ್ಪು ಕೇಳಲು ಹೋದೆ. ಬಾಗಿಲು ತೆಗೆದ ಕಾಕಾ ನನ್ನ ಹೆಸರನ್ನೂ ಕೇಳಲಿಲ್ಲ.

"ಯಾವ ಜಿಲ್ಲಾದವರ್ರೀ ನೀವು?"

"ಉಡುಪಿ."

"ಹುಟ್ಟಿದಾಗ?"

ಇದೆಂಥ ಪ್ರಶ್ನೆ ಎಂದು ನಾನು ಬಾಯಿಬಿಟ್ಟುಕೊಂಡು ನಿಂತೆ. "ಹುಟ್ಟಿದಾಗ ದಕ್ಷಿಣ ಕನ್ನಡ ಇತ್ತಲ್ರೀ" ಎಂದು ಅವರೇ ಉತ್ತರ ಕೊಟ್ಟುಕೊಂಡರು. "ನಿಮ್ಮ ಮನಿ ಅಲ್ಲೇ ಅದ, ಜಿಲ್ಲಾ ಮಾತ್ರ ಬದಲಿ ಆತು. ನನಗ ಎಂಥಾ ತ್ರಾಸು ಕೊಟ್ರಿ ನೋಡ್ರಿ. ಒಮ್ಮೆ ನೋಡಿ ಬಂದಿದ್ದೆ, ಮತ್ತ ಹೋಗಬೇಕಾತು." ಆಮೇಲೆ ಕೇಳಿದರು: "ನಿಮ್ಮ ಮನಿಗೆ ನೀರು ಎಲ್ಲಿಂದ ಬರತದ?"

"ಬಾವಿಯಿಂದ."

"ಬಾವಿಗೆ?"

ಇಪ್ಪತ್ತಮೂರು ವರ್ಷ ಆ ಬಾವಿಯ ನೀರು ಕುಡಿದವಳು ನಾನು. ಅದರ ನೀರಿಗೂ ಒಂದು ಊರಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಒಳಗಿನಿಂದ ಕಾಕೂ ಕೂಗಿದರು: "ಆಕಿಗೆ ಹೆಪ್ಪು ಕೊಟ್ಟು ಕಳಸ್ರಿ, ಪರೀಕ್ಷಾ ಆಮ್ಯಾಲೆ ತಗೋಳ್ರಂತ!"

ಕಾಕಾ ಠಾಣೆಯ ಪಕ್ಕದ ಕಳವಾ ಎಂಬಲ್ಲಿಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ದಿನವಿಡೀ ಯಂತ್ರಗಳ ನಕಾಶೆ ಬರೆಯುವ ಕೈ. ಆ ಕೈಯಿಂದಲೇ ಭಾರತದ ಜಿಲ್ಲೆಗಳನ್ನೆಲ್ಲ ಒಂದು ದೊಡ್ಡ ಟ್ರೇಸಿಂಗ್ ಬಟ್ಟೆಯ ಮೇಲೆ ಬರೆದು ಪಡಸಾಲೆಯ ಗೋಡೆಗೆ ಬಡಿದಿದ್ದರು. ಹೋಗಿ ಬಂದ ಜಿಲ್ಲೆಗೆ ಬಣ್ಣ, ಹೋಗದ್ದಕ್ಕೆ ಬಿಳಿ. ಇಪ್ಪತ್ತರ ಹರೆಯದಲ್ಲಿ ಹಿಡಿದ ಹುಚ್ಚು; ವರ್ಷದ ರಜೆಯೆಲ್ಲ ಅದಕ್ಕೇ. ನಾನು ಬರುವ ಹೊತ್ತಿಗೆ ಮುನ್ನೂರು ದಾಟಿತ್ತು. ಅವರು ಒಂದು ಮುಗಿಸಿ ಬರುವಷ್ಟರಲ್ಲಿ ಯಾವುದೋ ಸರಕಾರ ಇನ್ನೆರಡು ಹುಟ್ಟಿಸಿರುತ್ತಿತ್ತು. ಆಗ ಕಾಕಾ ಬೈಯುತ್ತಲೇ ಬ್ಲೇಡು, ಸ್ಕೇಲು ಹಿಡಿದು ಸ್ಟೂಲು ಹತ್ತುತ್ತಿದ್ದರು. ಮುಖದಲ್ಲಿ ಮಾತ್ರ ಹೊಸ ಮೊಮ್ಮಗು ಹುಟ್ಟಿದ ಖುಷಿ.

ಈ ಹುಚ್ಚಿಗೆ ಕಟ್ಟಳೆಗಳಿದ್ದವು. ರೈಲಿನಲ್ಲಿ ಹಾದುಹೋದರೆ ಲೆಕ್ಕಕ್ಕಿಲ್ಲ. ಪ್ಲಾಟ್‌ಫಾರ್ಮಿಗೆ ಇಳಿದರೂ ಇಲ್ಲ. "ಪ್ಲಾಟ್‌ಫಾರ್ಮು ರೇಲ್ವೆದವರದು. ಜಿಲ್ಲಾ ಶುರು ಆಗೋದು ಗೇಟಿನ ಹೊರಗ." ಹೊರಗೆ ಹೋಗಿ ಮಣ್ಣು ತುಳಿದು, ಅಲ್ಲಿಯ ಒಬ್ಬರನ್ನಾದರೂ ಆ ನೀರಿನ ಪ್ರಶ್ನೆ ಕೇಳಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಮಾತ್ರ ಬಣ್ಣ. ಭಾನುವಾರ ಮಧ್ಯಾಹ್ನ ನಾನು ಆ ನೋಟ್‌ಬುಕ್ಕುಗಳನ್ನು ಓದಲು ಹೋಗುತ್ತಿದ್ದೆ. ರಾಜಸ್ಥಾನದ ಒಬ್ಬ ಮುದುಕಿ "ನನ್ನ ಸೊಸೆಯ ತಲೆಯ ಮೇಲಿಂದ" ಎಂದಿದ್ದಳು. ಈಶಾನ್ಯದ ಗುಡ್ಡದೂರಿನವನೊಬ್ಬ ಮಾತೇ ಆಡದೆ ಕೈಹಿಡಿದು ಕರೆದುಕೊಂಡು ಹೋಗಿ ಬಿದಿರಿನ ಕೊಳವೆ ತೋರಿಸಿದ್ದ. ಬಿಹಾರದ ಒಬ್ಬ ಗುಮಾಸ್ತ "ಇನ್ನೂ ಬರಬೇಕಾಗಿದೆ" ಎಂದು ಬರೆಸಿದ್ದ. ನಾನು ಟಿವಿ ಧಾರಾವಾಹಿ ಬಿಟ್ಟು ಇದನ್ನು ಓದುತ್ತಿದ್ದೆ ಎಂದರೆ ನೀವು ನಂಬಬೇಕು.

ಕಾಕೂ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಒಮ್ಮೆ ನಾನು, "ನೀವು ಯಾಕೆ ಇವರ ಜೊತೆ ಹೋಗುವುದಿಲ್ಲ ಕಾಕೂ?" ಎಂದು ಕೇಳಿದೆ.

"ಹುಡುಗೂರ ಸಾಲಿ, ಅತ್ತಿಯವರ ಔಷಧ, ಇದನ್ನೆಲ್ಲಾ ಯಾರು ಮಾಡವರು? ಇವರು ದೇಶಾ ನೋಡ್ಯಾರ, ನಾ ಇವರ ದಾರಿ ನೋಡೇನಿ" ಎಂದರು. ಕಾಕಾ ಪೆನ್ಸಿಲು ಕೆತ್ತುವುದನ್ನು ನಿಲ್ಲಿಸಿದರು.

ಕಾಕೂಗೆ ತಮ್ಮದೇ ಒಂದು ಗೆಳೆತನವಿತ್ತು. ಮಳೆಗಾಲ ಶುರುವಾಯಿತೆಂದರೆ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಕಾಡುಸೊಪ್ಪು ಮಾರುವ ಹೆಂಗಸರು ಬಂದು ಕೂರುತ್ತಾರೆ. ಅವರಲ್ಲಿ ಹೀರಾಬಾಯಿ ಎಂಬವಳ ಹತ್ತಿರ ಕಾಕೂ ಹತ್ತು ರೂಪಾಯಿಯ ಸೊಪ್ಪು ಕೊಂಡು ಅರ್ಧ ಗಂಟೆ ಮಾತಾಡುತ್ತಿದ್ದರು. ಆ ಬುಟ್ಟಿಯಲ್ಲಿ ಒಂದು ದಿನ ನಮ್ಮ ತಜಂಕು ಕಂಡು ನನಗೆ ಕುಣಿಯುವ ಹಾಗಾಯಿತು. ಊರಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಪತ್ರೊಡೆಯ ಜೊತೆಜೊತೆಗೆ ನೆನಪಾಗುವ ಸೊಪ್ಪು ಅದು. ಇಲ್ಲಿಯವರು ಅದಕ್ಕೆ ಟಾಕಳಾ ಎನ್ನುತ್ತಾರೆ. ನಾನು ಎರಡು ಕಟ್ಟು ಕೇಳಿದರೆ ಹೀರಾಬಾಯಿ ನಾಲ್ಕು ತುರುಕಿದಳು. ಬದ್ಲಾಪುರದಿಂದ ಮುಂದೆ, ಗುಡ್ಡದ ಬುಡದಲ್ಲಿ ಅವಳ ಊರು. ಪ್ರತಿ ವರ್ಷವೂ "ಬನ್ನಿ" ಎಂದು ಕರೆಯುತ್ತಿದ್ದಳು. ಪ್ರತಿ ವರ್ಷವೂ ಕಾಕೂ "ಈ ಸಲ ಬರ್ತೇನೆ" ಎನ್ನುತ್ತಿದ್ದರು.

ಒಂದು ಗಣೇಶ ಚೌತಿಯ ದಿನ ನಕಾಶೆಯ ಎದುರು ನಿಂತಾಗ ನನ್ನ ಕಣ್ಣಿಗೆ ಬಿತ್ತು: ಸುತ್ತಮುತ್ತ ಎಲ್ಲ ಬಣ್ಣ, ನಡುವೆ ಠಾಣೆ ಜಿಲ್ಲೆ ಮಾತ್ರ ಬಿಳಿ. ನಾವು ಕೂತಿದ್ದ ಜಿಲ್ಲೆ!

"ಇದೆಂತ ಕಾಕಾ, ಮರೆತೇಬಿಟ್ರಾ?"

"ಮರತಿಲ್ಲ. ಇರೋದು ಬ್ಯಾರೆ, ಹೋಗೋದು ಬ್ಯಾರೆ. ಇಲ್ಲಿಗೆ ನಾ ಎಂದೂ ಹೋಗಿಲ್ಲ. ಇದ್ದೇನಿ, ಅಷ್ಟ."

"ಹಾಗಾದ್ರೆ ನಮ್ಮ ನಳ್ಳಿಗೆ ನೀರು ಎಲ್ಲಿಂದ ಬರ್ತದೆ?"

"ಮ್ಯಾಲಿನ ಟಾಕಿಯಿಂದ."

"ಟಾಕಿಗೆ?"

ಕಾಕಾ ಮೋದಕ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದರು. ನಾನು ಗೆದ್ದೆನೆಂದು ಬೀಗಿದೆ. ಉತ್ತರ ನನಗೂ ಗೊತ್ತಿರಲಿಲ್ಲ ಎಂಬುದು ಆಗ ನೆನಪಾಗಲಿಲ್ಲ.

ನಿವೃತ್ತಿಯಾದ ಮೇಲೆ ಉಳಿದದ್ದನ್ನೆಲ್ಲ ಮುಗಿಸುವುದು ಎಂದು ಕಾಕಾ ವರ್ಷಗಟ್ಟಲೆ ಹೇಳುತ್ತಿದ್ದರು. ನಿವೃತ್ತಿಯೂ ಆಯಿತು. ಮರುವರ್ಷ ಎರಡೂ ಮೊಣಕಾಲು ಕೈಕೊಟ್ಟವು. ಆಪರೇಶನ್ ಆಯಿತು, ಮನೆಯೊಳಗೆ ಕೋಲು ಹಿಡಿದು ನಡೆಯುವಷ್ಟಾದರು. ರಾತ್ರಿಯಿಡೀ ರೈಲು, ಮೇಲಿನ ಬರ್ತು, ಕೆಟ್ಟ ರಸ್ತೆಯ ಬಸ್ಸು, ಇವೆಲ್ಲ ಇನ್ನು ಬೇಡ ಎಂದು ಡಾಕ್ಟರು ಹೇಳಿದರು. ಒಂದು ಸಂಜೆ ಹೋದರೆ ನಕಾಶೆಯ ಮೇಲೆ ಹಳೆಯ ಬೆಡ್‌ಶೀಟು ಇಳಿಬಿದ್ದಿತ್ತು. ಧೂಳು ಕೂರುತ್ತದೆ ಎಂದರು ಕಾಕಾ. ಕಾಕೂ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು: "ಮೊದಲ ಇವರು ಹೋಗತಾರಂತ ಸಿಟ್ಟು ಬರತಿತ್ತು. ಈಗ ಹೋಗಂಗಿಲ್ಲಂತ ಅಳು ಬರತದ ನೋಡವಾ."

ಹೀಗೇ ಮೂರು ವರ್ಷ ಹೋಯಿತು. ಎರಡು ಸಾವಿರದ ಹದಿನಾಲ್ಕರ ಆಗಸ್ಟಿನಲ್ಲಿ ಠಾಣೆ ಜಿಲ್ಲೆಯನ್ನು ಒಡೆದು ಪಾಲ್ಘರ್ ಎಂಬ ಹೊಸ ಜಿಲ್ಲೆ ಮಾಡಿದರು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಯಾರದೋ ಹೆಗಲ ಮೇಲಿಂದ ಪೇಪರು ಓದಿದವಳು, ಇಳಿದ ಕೂಡಲೇ ಒಂದು ಪ್ರತಿ ಕೊಂಡು ನೇರ ಎದುರುಮನೆಗೆ ಹೋದೆ. ಕಾಕಾ ಎರಡು ಸಲ ಓದಿದರು. ಎದ್ದು ಬೆಡ್‌ಶೀಟು ಸರಿಸಿದರು. ಸ್ಕೇಲು ತೆಗೆದರು. ಆಮೇಲೆ ಹಾಗೇ ಕುರ್ಚಿಗೆ ಕುಸಿದರು.

"ನಾ ನೋಡದ ಜಿಲ್ಲಾದಾಗ ಗೀಟು ಹ್ಯಾಂಗ ಎಳೀಲಿ? ಇಷ್ಟು ವರ್ಷ ಇಲ್ಲೇ ಇದ್ದೆ. ಅರ್ಧಾ ಹೋಗೇಬಿಡ್ತು."

ಆ ದನಿ ಕೇಳಿ ನನಗೆ ಪೇಪರು ತಂದದ್ದೇ ತಪ್ಪಾಯಿತು ಅನ್ನಿಸಿತು. ಅಷ್ಟರಲ್ಲಿ ಕಾಕೂ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. "ಉಳಿದ ಅರ್ಧಾ ನೋಡೂಣು ನಡೀರಿ. ಬದ್ಲಾಪುರಕ್ಕ ಹೋಗಾಕ ಮ್ಯಾಲಿನ ಬರ್ತು ಬೇಕಾಗಂಗಿಲ್ಲ. ಹೀರಾಬಾಯಿ ಕರ್ಯಾಕತ್ತಿ ಹತ್ತು ವರ್ಷ ಆತು. ನಾನೂ ಬರತೀನಿ."

ಆ ಭಾನುವಾರ ಮೂವರೂ ಹೊರಟೆವು. ಬದ್ಲಾಪುರದವರೆಗೆ ಲೋಕಲು, ಅಲ್ಲಿಂದ ಆಟೋ. ಕಾಕೂ ಜರಿಯಂಚಿನ ಸೀರೆ ಉಟ್ಟಿದ್ದರು. ಬದ್ಲಾಪುರ ಸ್ಟೇಷನ್ನಿನ ಗೇಟು ದಾಟಿ ಹೊರಗೆ ಬಂದ ಕೂಡಲೇ ಕಾಕಾ ಕೋಲು ಊರಿ ನಿಂತು, "ಹಾಂ, ಈಗ ಶುರು" ಎಂದರು. ರಸ್ತೆ ಹಸಿರಿನೊಳಗೆ ಹೊಕ್ಕು ಹೋಗಿ ಒಂದು ಅಣೆಕಟ್ಟಿನ ಹಿಂದಿನ ಹರವಾದ ನೀರಿನ ದಂಡೆಗೆ ಬಂತು. ಎತ್ತರದಲ್ಲಿ ಹತ್ತಿಪ್ಪತ್ತು ಮನೆಗಳು. ಹೀರಾಬಾಯಿ ಓಡಿ ಬಂದು ಕಾಕೂವನ್ನು ಅಪ್ಪಿಕೊಂಡಳು.

ಕಾಕಾ ಜಗಲಿಯಲ್ಲಿ ಕೂತು ನೋಟ್‌ಬುಕ್ಕು ತೆರೆದರು. ಮೂರು ವರ್ಷದ ನಂತರ ಆ ಪ್ರಶ್ನೆ ಹೊರಬಂತು, ಮರಾಠಿಯಲ್ಲಿ: "ಇಥಂ ಪಾಣೀ ಕುಠೂನ್ ಯೇತಂ?"

ಹೀರಾಬಾಯಿ ನಕ್ಕುಬಿಟ್ಟಳು. "ಇಥಂ ಯೇತ್ ನಾಹೀ ಬಾಬಾ. ಇಥೂನ್ ಜಾತಂ."

ಇಲ್ಲಿಗೆ ಬರುವುದಿಲ್ಲ, ಇಲ್ಲಿಂದ ಹೋಗುತ್ತದೆ. ಎಲ್ಲಿಗೆ ಎಂದು ನಾವು ಕೇಳಬೇಕಾಗಿರಲಿಲ್ಲ. ಅವಳು ಗದ್ದ ಎತ್ತಿ ನಾವು ಬಂದ ಡೊಂಬಿವಲಿಯ ದಿಕ್ಕನ್ನು ತೋರಿಸಿದಳು. ಆಮೇಲೆ ನೀರಿನ ನಡುವೆ ಒಂದು ಕಡೆ ಬೆರಳು ಮಾಡಿದಳು. ಅಲ್ಲಿ ಅವಳ ತವರುಮನೆ ಇತ್ತಂತೆ. ಮೇ ತಿಂಗಳಲ್ಲಿ ನೀರು ಇಳಿದಾಗ ಒಮ್ಮೊಮ್ಮೆ ಬಾವಿಯ ಕಟ್ಟೆ ಕಾಣಿಸುತ್ತದಂತೆ. ಇದನ್ನೆಲ್ಲ ದೂರಿನ ದನಿಯಿಲ್ಲದೆ, ಸೊಪ್ಪಿನ ಬೆಲೆ ಹೇಳುವ ಹಾಗೆ ಹೇಳಿ, ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಿಟ್ಟಳು. ಬಹಳ ದೂರದ ಬೋರಿನಿಂದ ಹೊತ್ತು ತಂದ ನೀರು. ಹನ್ನೊಂದು ವರ್ಷ ನಳ್ಳಿ ತಿರುಗಿಸಿ ಪಾತ್ರೆ ತೊಳೆದ ನನ್ನ ಕೈಗಳನ್ನು ಎಲ್ಲಿಡುವುದು ಎಂದೇ ನನಗೆ ತಿಳಿಯಲಿಲ್ಲ. ಕಾಕಾ ಪೆನ್ನಿನ ಮುಚ್ಚಳ ತೆಗೆದವರು ಬರೆಯಲಿಲ್ಲ. ನೀರು ಕುಡಿದು ಮುಚ್ಚಳವನ್ನು ಮತ್ತೆ ಹಾಕಿದರು.

ಮಾತಾಡಿದ್ದು ಕಾಕೂ. ಮನೆಯ ಬಾಗಿಲು ಯಾವ ಕಡೆಗಿತ್ತು? ಪಕ್ಕದಲ್ಲಿ ಯಾರಿದ್ದರು? ಅಂಗಳದಲ್ಲಿ ಯಾವ ಮರ? ಊರಿಗೆ ಏನು ಹೆಸರು? ಹೊರಡುವಾಗ ಅಮ್ಮ ಏನು ಹೊತ್ತುಕೊಂಡಳು? ಹೀರಾಬಾಯಿ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದೆಳೆದು ಹೇಳಿದಳು: ಇಲ್ಲಿ ನಾವು, ಇಲ್ಲಿ ಚಿಕ್ಕಪ್ಪ, ಇಲ್ಲಿ ಮಾವಿನಮರ. ಬೀಸುವ ಕಲ್ಲು ಮಾತ್ರ ಹೊರಲಾಗದೆ ಅಲ್ಲೇ ಬಿಟ್ಟು ಬಂದೆವು ಎನ್ನುವಾಗ ಅವಳ ದನಿ ಒಡೆಯಿತು. ಕಾಕೂ ಅವಳ ಮೊಣಕಾಲ ಮೇಲೆ ಕೈಯಿಟ್ಟುಕೊಂಡೇ ಇದ್ದರು.

ವಾಪಸು ಬರುವ ಲೋಕಲಿನಲ್ಲಿ ಕಾಕಾ ಕಾಕೂ ಕಡೆ ತಿರುಗಿದರು. "ಮೂವತ್ತೈದು ವರ್ಷ ಒಂದ ಪ್ರಶ್ನಾ ಕೇಳಿ ಎದ್ದು ಬಂದೇನಿ. ನೀ ಜೊತಿಗೆ ಬಂದಿದ್ರ..."

"ನೀವೆಲ್ಲಿ ಕರದ್ರಿ?" ಎಂದರು ಕಾಕೂ. ಕಿಟಕಿಯ ಹೊರಗೆ ನೋಡುತ್ತಲೇ ಅಂದದ್ದು. ಉಲ್ಹಾಸನಗರ ಬಂದಾಗ ಕಾಕಾ ಕಡಲೆ ಮಾರುವವನನ್ನು ಕರೆದು ಒಂದು ಪೊಟ್ಟಣ ಕೊಂಡು ಅವರ ಮಡಿಲಿಗಿಟ್ಟರು.

ಮರುದಿನ ಪಾಲ್ಘರ್‌ನ ಗೀಟು ಬಿತ್ತು, ಠಾಣೆ ಜಿಲ್ಲೆಗೆ ಬಣ್ಣ ಬಿತ್ತು. ನಡುವೆ ಒಂದು ನೀಲಿ ಚುಕ್ಕೆ, ಅದರೊಳಗೆ ಮುಳುಗಿದ ಊರಿನ ಹೆಸರು. ಜಿಲ್ಲೆಯ ಒಳಗೆ ಒಂದು ಊರಿನ ಹೆಸರು ಬಂದದ್ದು ಆ ಇಡೀ ನಕಾಶೆಯಲ್ಲಿ ಅದೇ ಮೊದಲು. ಅದನ್ನು ಬರೆದದ್ದು ಕಾಕೂ. ಸ್ಟೂಲು ಹಿಡಿದುಕೊಂಡು ನಿಂತದ್ದು ಕಾಕಾ.

ಅದಾದ ಮೇಲೆ ನಮ್ಮ ಸಂಸಾರ ಮಾತ್ರ ಈ ಕಾಮೋಠೆಗೆ ಬಂತು. ಈಗ ಊರು ನೋಡಲು ಹೋಗುವವರು ಕಾಕೂ. ಪುರಸೊತ್ತಿದ್ದಾಗ ಜೊತೆಗೆ ನಾನು. ಹತ್ತಿರದ ಊರುಗಳಾದರೆ ಕಾಕಾನೂ ಬರುತ್ತಾರೆ. ದೇಶದ ಉಳಿದ ಬಿಳಿ ಜಿಲ್ಲೆಗಳು ಬಿಳಿಯಾಗಿಯೇ ಇವೆ. ಬೆಡ್‌ಶೀಟು ಮತ್ತೆ ಹಾಕಿಲ್ಲ.

ಸೀದ ದೋಸೆಯನ್ನು ಕೆರೆದು ಬಿಸಾಡಿ ಕಾಕೂಗೆ ಫೋನು ಮಾಡಿದೆ. "ನೂರು ವರ್ಷ ಆಯುಷ್ಯ ನಿನಗ" ಎಂದರು. "ಐತವಾರ ಶಹಾಪುರದ ಕಡೆ ಹೊಂಟೇವಿ. ಒಂದು ಊರು ನೋಡಿದ್ರ ಜಿಲ್ಲಾ ಮುಗೀತೇನು? ಕಲ್ಯಾಣ ಸ್ಟೇಷನ್ನಿಗೆ ಬಾ, ಆಸನಗಾಂವ್ ಲೋಕಲ್ ಹಿಡಿದು ಅಲ್ಲೇ ಇಳಿಯೂಣು." ಕನ್ನಡ ತಿಳಿದರೂ ಮರಾಠಿಯಲ್ಲೇ ಉತ್ತರಿಸುವ ನನ್ನ ಮಗಳು ಪಕ್ಕದಿಂದ "ಮೀ ಪಣ್ ಯೇಣಾರ್" ಎಂದಳು. ತಾನೂ ಬರುತ್ತಾಳಂತೆ.

ಆಸನಗಾಂವ್ ಎಂದರೆ ನನಗೆ ಇಷ್ಟು ವರ್ಷ ಠಾಣೆ ಸ್ಟೇಷನ್ನಿನ ಬೋರ್ಡಿನ ಮೇಲೆ ಹೊತ್ತಿಕೊಳ್ಳುವ ಒಂದು ಹೆಸರು. ನೂಕುನುಗ್ಗಲಿಗೆ ಹೆದರಿ ನಾನು ಹತ್ತದೆ ಬಿಡುತ್ತಿದ್ದ ಗಾಡಿ. ಅದೊಂದು ಊರು, ಆ ಗಾಡಿಯಲ್ಲಿ ಜೋತುಬಿದ್ದ ಹೆಂಗಸರು ಅಲ್ಲಿ ಇಳಿದು ಮನೆಗೆ ನಡೆದು ಹೋಗುತ್ತಾರೆ, ಹೋಗಿ ಒಲೆ ಹಚ್ಚುತ್ತಾರೆ ಎಂದು ಮೊನ್ನೆಯಿಂದ ಯೋಚಿಸುತ್ತಿದ್ದೇನೆ.