ಅಪ್ಪ ಸಂಬಳ ಕೇಳಿದ್ದು

ನಮ್ಮಪ್ಪನಿಗೆ ಯಾರನ್ನಾದರೂ ಪರಿಚಯ ಮಾಡಿಸಿದರೆ ಹೆಸರು, ಊರು ಆದ ಮೇಲೆ ಬರುವ ಪ್ರಶ್ನೆ ಸಂಬಳದ್ದು. ಅದರಲ್ಲಿ ಅವರಿಗೆ ಎಳ್ಳಷ್ಟೂ ಸಂಕೋಚವಿಲ್ಲ. ಅವರು ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ನಾವು ಬೆಳೆದ ಕ್ವಾರ್ಟರ್ಸ್‌ನಲ್ಲಿ ಎದುರು ಮನೆಯವರ ಬೇಸಿಕ್ ಎಷ್ಟು, ಡಿ.ಎ. ಎಷ್ಟು, ಇನ್‌ಕ್ರಿಮೆಂಟ್ ಯಾವ ತಿಂಗಳು ಎಂಬುದು ಮಕ್ಕಳಿಗೂ ಬಾಯಿಪಾಠವಾಗಿತ್ತು. ವೇತನ ಒಪ್ಪಂದಕ್ಕೆ ಸಹಿ ಬಿತ್ತೆಂದರೆ ಇಡೀ ಸಾಲಿನ ಮನೆಗಳಿಗೆ ಒಂದೇ ಸಲ ಫ್ರಿಜ್ ಬರುತ್ತಿತ್ತು. ಒಪ್ಪಂದ ಮುಂದಕ್ಕೆ ಹೋದರೆ ಎಲ್ಲರೂ ಒಟ್ಟಾಗಿ ಆಡಳಿತ ಮಂಡಳಿಯನ್ನು ಬೈಯುತ್ತಿದ್ದರು. ಸಂಬಳದ ವಿಷಯದಲ್ಲಿ ಒಬ್ಬರ ಮೇಲೊಬ್ಬರು ಹೊಟ್ಟೆಕಿಚ್ಚು ಪಡಲು ಅವಕಾಶವೇ ಇರಲಿಲ್ಲ. ಅದಕ್ಕೆ ಸೋಫಾ, ಕಿಟಕಿಯ ಪರದೆ, ಮಕ್ಕಳ ಮಾರ್ಕ್ಸ್ ಇಂಥವನ್ನು ಹುಡುಕಿಕೊಳ್ಳಬೇಕಾಗಿತ್ತು.

ನಾನು ಸೇರಿದ್ದು ಖಾಸಗಿ ಕಂಪನಿ. ಚಿಕ್ಕಜಾಲದ ಹತ್ತಿರ, ವಿಮಾನ ನಿಲ್ದಾಣದ ರಸ್ತೆಯಲ್ಲಿ, ಹೂವು ಹಣ್ಣು ಹೊರದೇಶಕ್ಕೆ ಕಳಿಸುವವರಿಗೆ ಕಾಗದಪತ್ರ ಮಾಡಿಕೊಡುವ ಆಫೀಸು. ಇಲ್ಲಿ ಸಂಬಳ ಪರಮ ರಹಸ್ಯ. ತನ್ನದನ್ನು ಹೇಳಿದರೂ ತಪ್ಪು, ಇನ್ನೊಬ್ಬರದನ್ನು ಕೇಳಿದರೂ ತಪ್ಪು, ಕೆಲಸಕ್ಕೇ ಸಂಚಕಾರ. ಪ್ರತಿ ಏಪ್ರಿಲ್‌ನಲ್ಲಿ ಮ್ಯಾನೇಜರ್ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ. ಈ ವರ್ಷ ಮಾರ್ಕೆಟ್ ಸರಿಯಿಲ್ಲ, ಆದರೂ ನಿಮಗೆ ಮಾತ್ರ ಹೇಗೋ ಮಾಡಿಸಿದ್ದೇನೆ, ಯಾರ ಹತ್ತಿರವೂ ಬಾಯಿ ಬಿಡಬೇಡಿ ಎನ್ನುತ್ತಾರೆ. ನಾವೆಲ್ಲ ಒಬ್ಬರ ಹಿಂದೊಬ್ಬರು ಅದೇ ಗುಟ್ಟಿನ ಮುಖ ಹೊತ್ತು ಹೊರಗೆ ಬರುತ್ತೇವೆ.

ಯಾವ ಅಪ್ರೈಸಲ್ಲೂ ಇಲ್ಲದೆ ವರ್ಷಾವರ್ಷ ಮೇಲೇರುವವರೆಂದರೆ ನಮ್ಮ ಯಲಹಂಕದ ಮನೆ ಮಾಲೀಕರು. ಈಗ ನಾವು ಬಾಡಿಗೆಗಿರುವ ಜಾಗದಲ್ಲೇ ಹಿಂದೆ ದ್ರಾಕ್ಷಿ ಬೆಳೆಯುತ್ತಿದ್ದವರು. ಸರ್ಕಾರಿ ನೌಕರರ ಡಿ.ಎ. ಏರಿತೆಂದು ಪೇಪರಿನಲ್ಲಿ ಓದಿದ ವಾರವೇ ನಮ್ಮ ಬಾಡಿಗೆ ಏರಿಸುತ್ತಾರೆ. ನಮ್ಮ ಮನೆಯಲ್ಲಿ ಸರ್ಕಾರಿ ನೌಕರರು ಯಾರೂ ಇಲ್ಲವಲ್ಲ ಎಂದು ಅಪ್ಪ ಒಮ್ಮೆ ವಾದಿಸಿ ನೋಡಿದರು. ಮಾಲೀಕರು ಬಹಳ ಮರ್ಯಾದೆಯಿಂದಲೇ, "ಊರಿಗೆಲ್ಲ ಏರೈತಲ್ಲ ಸಾಮಿ" ಅಂದರು.

ಇಷ್ಟೆಲ್ಲ ಇದ್ದೂ ನಾನು ನೆಮ್ಮದಿಯಾಗಿಯೇ ಇದ್ದೆ. ಅದು ಕೆಟ್ಟಿದ್ದು ಹೊಸತೊಡಕಿನ ದಿನ. ಯುಗಾದಿಯ ಮರುದಿನದ ಬಾಡೂಟಕ್ಕೆ ಆಫೀಸಿನ ಕಿರಿಯ ಸಹೋದ್ಯೋಗಿಯೊಬ್ಬನನ್ನು ಮನೆಗೆ ಕರೆದಿದ್ದೆ. ಅವನು ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಕೆಲಸವನ್ನೆಲ್ಲ ಕಲಿಸಿದವಳು ನಾನೇ. ಅಪ್ಪ ಮುದ್ದೆ ಮುರಿಯುತ್ತಾ ಅವನ ಹೆಸರು ಕೇಳಿದರು, ಊರು ಕೇಳಿದರು. ನಾನು ಸಾರಿನ ಪಾತ್ರೆ ಹಿಡಿದು ಬರುವಷ್ಟರಲ್ಲಿ ಮುಂದಿನದನ್ನೂ ಕೇಳಿಬಿಟ್ಟಿದ್ದರು.

ದೊಡ್ಡವರು ಕೇಳಿದರೆ ಉತ್ತರ ಕೊಡಬೇಕೆಂದು ಅವನ ಮನೆಯಲ್ಲಿ ಕಲಿಸಿದ್ದಿರಬೇಕು. ಪಾಪ, ಹೇಳಿಬಿಟ್ಟ. ಅದು ನನ್ನ ಸಂಬಳಕ್ಕಿಂತ ಜಾಸ್ತಿ, ಅದೂ ಚೂರುಪಾರು ಜಾಸ್ತಿಯಲ್ಲ. ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು. ಅವನಿಗೆ ತಾನು ಮಾಡಿಕೊಂಡ ಎಡವಟ್ಟು ಆಗ ಹೊಳೆಯಿತು. "ಮೇಡಂ, ಆಫೀಸಲ್ಲಿ ಮಾತ್ರ ನನ್ ಹೆಸ್ರು ಹೇಳ್ಬೇಡಿ" ಅಂದ. ಹೇಳುವುದಿಲ್ಲ ಎಂದು ಮಾತು ಕೊಟ್ಟು ಇನ್ನೊಂದು ಸೌಟು ಸಾರು ಬಡಿಸಿದೆ.

ಅವನು ಹೋದ ಮೇಲೆ ಅಪ್ಪನಿಗೆ ಅರ್ಥ ಮಾಡಿಸಲು ಹೆಣಗಿದೆ. ಹೊಸಬರನ್ನು ಮಾರ್ಕೆಟ್ ರೇಟು ಕೊಟ್ಟು ತರಬೇಕು. ಹಳಬರು ಎಲ್ಲಿಗೂ ಹೋಗುವುದಿಲ್ಲ ಎಂದು ಕಂಪನಿಗೆ ಗೊತ್ತು. ಅಪ್ಪನ ಕಾರ್ಖಾನೆಯಲ್ಲಿ ಸರ್ವಿಸ್ ಎಂದರೆ ಕೂಡುವ ಲೆಕ್ಕ, ನಮ್ಮಲ್ಲಿ ಕಳೆಯುವ ಲೆಕ್ಕ. ಅಪ್ಪನಿಗೆ ಇದು ತಲೆಗೇ ಹೋಗಲಿಲ್ಲ. ಹೋಗಿ ಕೇಳು ಅಂದರು.

ಕೇಳಲು ಹೋದೆ. ಅವನಷ್ಟೇ ನನಗೂ ಬೇಕು ಎಂಬ ಒಂದೇ ಮಾತು ನಾಲಿಗೆಯ ಮೇಲಿತ್ತು; ಆದರೆ ಆ "ಅವನು" ಯಾರೆಂದು ಹೇಳುವಂತಿರಲಿಲ್ಲ. ಯಾರ ಜೊತೆ ಹೋಲಿಸಿಕೊಂಡು ಕೇಳುತ್ತಿದ್ದೀರಿ ಎಂದು ಮ್ಯಾನೇಜರ್ ನಯವಾಗಿ ವಿಚಾರಿಸಿದರು. ಯಾರ ಜೊತೆಯೂ ಇಲ್ಲ ಅಂದೆ. ಹಾಗಿದ್ದರೆ ಸಮಸ್ಯೆಯೇ ಇಲ್ಲವಲ್ಲ ಎಂದು ಅವರು ನಕ್ಕರು. ನಾನೂ ನಕ್ಕು ಹೊರಗೆ ಬಂದೆ, ನನ್ನ ದರಿದ್ರ ನಗುವನ್ನು ನಾನೇ ಶಪಿಸಿಕೊಂಡು.

ಮನೆಗೆ ಬಂದು ಹೇಳಿದಾಗ ಅಪ್ಪ, "ಅವನ್ದು ಹೇಳ್ಬೇಡಮ್ಮ. ನಿಂದು ಹೇಳು. ನಿನ್ ಸಂಬಳ ನೀನು ಹೇಳೋಕೆ ಯಾರಪ್ಪನ ಅಪ್ಪಣೆ ಬೇಕು?" ಅಂದರು. ಕೆಲಸ ಹೋಗಬಹುದು ಅಂದೆ. ಅವರ ಕಾಲದಲ್ಲಿ ಕೆಲಸ ಹೋಗುವುದು ಎಂಬುದೊಂದು ಇರಲೇ ಇಲ್ಲ.

ಮರುದಿನ ಆಫೀಸಿನ ಊಟದ ಕೋಣೆಯಲ್ಲಿ, ಚಪಾತಿ ಮುರಿಯುತ್ತಾ, ನನ್ನ ಸಂಬಳ ಎಷ್ಟೆಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ. ಕಿರಿಯವನು ಡಬ್ಬಿಯಿಂದ ಮುಖ ಎತ್ತಲಿಲ್ಲ. ಒಬ್ಬರು ಬಾರದ ಫೋನನ್ನು ಕಿವಿಗಿಟ್ಟುಕೊಂಡು ಎದ್ದು ಹೋದರು. ನನ್ನ ಎದುರಿಗೆ, ನನಗೆ ಈ ಕೆಲಸ ಕಲಿಸಿದ ಹಿರಿಯ ಮಹಿಳೆ ಕೂತಿದ್ದರು. ಅವರು ಮಜ್ಜಿಗೆಯ ಲೋಟ ಕೆಳಗಿಟ್ಟರು.

"ನಿಂದು ನನಗಿಂತ ಜಾಸ್ತಿಯಾಗಿ ಬಾಳ ವರ್ಷ ಆಯ್ತು ಕಣೇ" ಅಂದರು. ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ಪ್ರಮೋಷನ್ ಬಂದಾಗ ಖುಷೀಲಿ ನೀನೇ ಬಂದು ಹೇಳಿದ್ದೆ. ನಂದೆಷ್ಟು ಅಂತ ಕೇಳ್ಲಿಲ್ಲ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಆ ಮಧ್ಯಾಹ್ನವೇ ಇಬ್ಬರೂ ಒಟ್ಟಿಗೆ ಮ್ಯಾನೇಜರ್ ಹತ್ತಿರ ಹೋದೆವು. ನಿಯಮ ಮುರಿದಿರಿ ಎಂದು ಅವರು ಮುಖ ಗಂಟಿಕ್ಕಿಕೊಂಡರೇ ಹೊರತು ಮುಂದೇನೂ ಮಾಡಲಿಲ್ಲ. ಹಳಬರಿಬ್ಬರನ್ನೂ ಒಟ್ಟಿಗೆ ಮನೆಗೆ ಕಳಿಸಿದರೆ ಕಾಗದಪತ್ರವಾಗದೆ ಗುಲಾಬಿಗಳು ವಿಮಾನ ನಿಲ್ದಾಣದ ಶೆಡ್ಡಿನಲ್ಲೇ ಕೊಳೆಯುತ್ತವೆ ಎಂಬುದು ಅವರಿಗೂ ಗೊತ್ತಿತ್ತು. ಕಂಪನಿ ತಾರತಮ್ಯವನ್ನು ಸಹಿಸುವುದಿಲ್ಲ, ಸರಿಪಡಿಸುತ್ತೇವೆ ಎಂದರು.

ಸರಿಪಡಿಸಿದರು ಕೂಡ. ಹಿರಿಯರ ಸಂಬಳವನ್ನು ನನ್ನ ಸಂಬಳಕ್ಕೆ ಸಮ ಮಾಡಿದರು. ನನ್ನದು ಇದ್ದಲ್ಲೇ ಉಳಿಯಿತು. ನೀವಿಬ್ಬರೂ ಈಗ ಸಮಾನರು, ಇನ್ನೇನು ದೂರಿದೆ ಎಂಬುದು ಮ್ಯಾನೇಜರ್ ವಾದ. ಕಿರಿಯವನ ಹೆಸರು ಹೇಳದೆ ಆ ವಾದವನ್ನು ಮುರಿಯುವಂತಿರಲಿಲ್ಲ.

ಹಿರಿಯರು ಮೈಸೂರು ಪಾಕ್ ತಂದು ಮೊದಲ ತುಂಡನ್ನು ನನ್ನ ಕೈಗೇ ಕೊಟ್ಟರು. ನಿನ್ನಿಂದ ಆಯ್ತು ಎಂದು ಕಣ್ಣು ಒರೆಸಿಕೊಂಡರು. ನನಗೆ ಸಂತೋಷವಾಯಿತು ಎಂದೇ ಇಲ್ಲಿ ಬರೆಯಬೇಕೆಂದಿದ್ದೆ. ಆಗಲಿಲ್ಲ, ಹೊಟ್ಟೆ ಉರಿಯಿತು. ಇದೇ ಉರಿಯನ್ನು ಒಳಗಿಟ್ಟುಕೊಂಡು ಅವರು ಇಷ್ಟು ವರ್ಷ ದಿನಾ ನನ್ನೆದುರು ಕೂತು, ತಮ್ಮ ಡಬ್ಬಿಯ ಪಲ್ಯದಲ್ಲಿ ಅರ್ಧ ನನಗೆ ಹಾಕುತ್ತಿದ್ದರು.