ಮಂಡಿ ಕಟ್ಟಿದವಳು

ಪಾರ್ಸೆಲ್ ಕೌಂಟರಿನ ಸರದಿಯಲ್ಲಿ ನಿಂತು ಅವಳು ಮುಂದೆ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ನಾನು ತಲೆ ಎತ್ತದೆ, "ಎಲ್ಲಿಗೆ ಕಳಿಸ್ಬೇಕು?" ಅಂದೆ.

"ಕಳಿಸೋಕೆ ಬಂದಿಲ್ಲ. ಎಡಗೈಯಲ್ಲಿ ಆಡ್ತಿದ್ದೋರು ನೀವೇ ಅಲ್ವಾ?"

ಕೌಂಟರಿನ ಕಟ್ಟೆಯ ಮೇಲೆ ಅವಳ ಮುಖ ಮಾತ್ರ ಕಾಣುತ್ತಿತ್ತು. ಗುರುತು ಸಿಕ್ಕಿತು. ಬ್ಯಾಡ್ಮಿಂಟನ್ ಆಡುವವರೆಲ್ಲ ಅವಳನ್ನು ಕುಳ್ಳಿ ಅಂತಲೇ ಕರೆಯುತ್ತಿದ್ದರು. ಅವಳೂ ಅದಕ್ಕೇ ಓಗೊಡುತ್ತಿದ್ದಳು. ನನಗೆ ಆಗ ಮೂವತ್ತೊಂದು. ಮಗಳು ಹುಟ್ಟಿದ ಮೇಲೆ ಮೂರು ವರ್ಷ ರಾಕೆಟ್ ಮುಟ್ಟಿರಲಿಲ್ಲ. ಅಂಚೆ ಕಚೇರಿಯ ಠಸ್ಸೆ ಒತ್ತುವುದರಲ್ಲೇ ನನ್ನ ಎಡಗೈ ಸವೆಯುತ್ತಿತ್ತು.

"ನನ್ನ ಜೊತೆ ಡಬಲ್ಸ್ ಆಡ್ತೀರಾ ಅಕ್ಕಾ?"

"ನಿನಗೆ ಜೋಡಿ ಇದ್ದಾಳಲ್ಲ?"

"ಇದ್ಲು" ಅಂದಳು. ಹಿಂದೆ ನಿಂತವರು ಗೊಣಗತೊಡಗಿದ್ದರಿಂದ, ಸಂಜೆ ಬರುತ್ತೇನೆ ಅಂತ ಹೇಳಿ ಹೋದಳು. ಹೇಳಿದ ಹೊತ್ತಿಗೆ ಬಂದಳು ಕೂಡ. ಕಚೇರಿಯ ಹಿಂಬದಿಯ ಬೆಂಚಿನ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದಳು.

ಅವಳ ಜೋಡಿಯಾಗಿದ್ದದ್ದು ಡಾಕ್ಟರ ಮಗಳು. ಹನ್ನೊಂದನೆಯ ವಯಸ್ಸಿನಿಂದ ಹನ್ನೊಂದು ವರ್ಷ ಇಬ್ಬರೂ ಒಟ್ಟಿಗೆ ಆಡಿದ್ದರು. ಹಿಂದೆ ನಿಂತು ಬಡಿಯುವವಳು ಡಾಕ್ಟರ ಮಗಳು, ಮುಂದೆ ನೆಟ್ಟಿಗೆ ಮೂಗು ತಾಗಿಸಿ ನಿಲ್ಲುವವಳು ಕುಳ್ಳಿ. ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿಗೆ ಮೂರು ವಾರ ಇದೆ ಅನ್ನುವಾಗ ಆಟದ ಹಾಲಿನ ಬಾಗಿಲಿಗೆ ಪಟ್ಟಿ ಅಂಟಿಸಿದರು. ಡಾಕ್ಟರ ಮಗಳ ಹೆಸರಿನ ಪಕ್ಕ ಬೇರೆ ಕ್ಲಬ್ಬಿನ ಉದ್ದನೆಯ ಹುಡುಗಿಯೊಬ್ಬಳ ಹೆಸರಿತ್ತು. ಕುಳ್ಳಿ ಆ ಪಟ್ಟಿಯನ್ನು ಎರಡು ಸಲ ಓದಿ, ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ಡಾಕ್ಟರ ಮಗಳನ್ನು ಕೇಳಿದಳು.

"ಕೋಚ್ ಹೇಳಿದ್ರು ಕಣೇ. ನಾನೇನ್ ಮಾಡ್ಲಿ?" ಅಂದಳಂತೆ ಅವಳು, ಮುಖದಿಂದ ಟವೆಲ್ ತೆಗೆಯದೆ.

ಆ ವರ್ಷ ಅವರು ಗೆದ್ದರು. ಗೆದ್ದವರ ಹೆಸರನ್ನು ಹಾಲಿನ ಗೋಡೆಯ ಹಲಗೆಯ ಮೇಲೆ ಬರೆಯುವ ಪದ್ಧತಿ. ಬರೆಯುವ ಪೇಂಟರ್ ಕುಳ್ಳಿಯ ಅಪ್ಪ. ಕೋರ್ಟಿನ ಗೆರೆ ಎಳೆಯುವವರೂ ಅವರೇ. ಕೆಲಸ ಹೇಳಲು ಬಂದ ಕೋಚ್ ಸಂಕೋಚವಿಲ್ಲದೆ ಇನ್ನೊಂದು ಮಾತೂ ಹೇಳಿದ. "ತಪ್ಪು ತಿಳ್ಕೋಬೇಡಿ. ಡಾಕ್ಟರ ಮಗಳೇ ಬಂದು ಕೇಳ್ಕೊಂಡ್ಲು. ಕುಳ್ಳಿ ಜೊತೆ ಇದ್ರೆ ನಾನು ಬೆಳೆಯಲ್ಲ ಅಂತ."

ಏಣಿ ಹಿಡಿಯಲು ಮಗಳೇ ಹೋಗಿದ್ದಳು. "ಅಪ್ಪಾ, ಇದನ್ನ ಬೇರೆ ಯಾರಾದ್ರೂ ಬರೀಲಿ" ಅಂದಳಂತೆ.

"ಅಕ್ಷರ ತಪ್ಪಿಲ್ದೆ ಬರೆಯೋದು ನನ್ನ ಕೆಲ್ಸ. ನೀನು ಏಣಿ ಹಿಡ್ಕೊ."

ಅವರು ಎರಡು ಹೆಸರನ್ನೂ ಮುದ್ದಾಗಿ ಬರೆದು ಇಳಿಯುವವರೆಗೆ ಅವಳು ಏಣಿ ಹಿಡಿದು ನಿಂತಿದ್ದಳು. ಇದನ್ನು ಹೇಳುವಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಕಳಿಸುತ್ತಿದ್ದೆನೋ ಏನೋ. "ನನಗೆ ಅವಳನ್ನ ಸೋಲಿಸ್ಬೇಕು ಅಕ್ಕಾ. ಬೇರೆ ಯಾರನ್ನ ಸೋಲಿಸಿದ್ರೂ ನನಗೆ ಬೇಕಾಗಿಲ್ಲ" ಅಂದಳು. ನಾನು ಒಪ್ಪಿದೆ. ಅವಳ ಮೇಲಿನ ಕನಿಕರಕ್ಕಿಂತ ಠಸ್ಸೆಯ ಮೇಲಿನ ಬೇಸರವೇ ಹೆಚ್ಚಾಗಿತ್ತು ಅಂತ ಈಗ ಅನಿಸುತ್ತದೆ.

ಬೆಳಗ್ಗೆ ಐದೂವರೆಗೆ ಅಭ್ಯಾಸ. ಅವಳು ನನಗೆ ಆಟ ಕಲಿಸಲಿಲ್ಲ, ಡಾಕ್ಟರ ಮಗಳನ್ನು ಕಲಿಸಿದಳು. ಮೆಲ್ಲಗೆ ಹಾಕುವ ಮುಂಚೆ ಅವಳ ಹೆಬ್ಬೆರಳು ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ಸುಸ್ತಾದರೆ ಬಾಯಲ್ಲಿ ಉಸಿರಾಡುತ್ತಾಳೆ. ಸಿಟ್ಟು ಬಂದರೆ ಎದುರಿಗಿರುವವರ ಎದೆಗೇ ಬಡಿಯುತ್ತಾಳೆ. ಇದನ್ನೆಲ್ಲ ಮಗ್ಗಿಯ ಹಾಗೆ ನನ್ನಿಂದ ಬಾಯಿಪಾಠ ಮಾಡಿಸಿದಳು. ಡಾಕ್ಟರ ಮಗಳ ಬಲಮಂಡಿಯ ವಿಷಯವೂ ಬಂತು. ಹದಿನೇಳರಲ್ಲಿ ಉಳುಕಿದ್ದು ಸರಿಹೋಗಿರಲಿಲ್ಲ. ಗೊತ್ತಾದರೆ ಆಟ ಬಿಡಿಸುತ್ತಾರೆಂದು ಡಾಕ್ಟರ ಮಗಳು ಸ್ವಂತ ಅಪ್ಪನಿಗೂ ಹೇಳಿರಲಿಲ್ಲ. ಪ್ರತಿ ಪಂದ್ಯಕ್ಕೂ ಮುಂಚೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಐದು ವರ್ಷ ಆ ಮಂಡಿಗೆ ಪಟ್ಟಿ ಸುತ್ತಿದವಳು ಕುಳ್ಳಿಯೇ.

"ಹಾಗಾದ್ರೆ ಅಲ್ಲಿಗೇ ಆಡ್ಬಹುದಲ್ಲ" ಅಂದೆ, ಯೋಚಿಸದೆ.

"ಈಗ್ಲೇ ಬೇಡ. ಅದು ಇರ್ಲಿ."

ನನ್ನ ಗಂಡ ಬೆಳಗಿನ ಜಾವ ಮಗಳಿಗೆ ಹಾಲು ಕಾಯಿಸುತ್ತಾ, "ನೀನು ಆಟಕ್ಕೆ ಹೋಗ್ತಿದ್ದೀಯೋ ಯುದ್ಧಕ್ಕೋ? ಮೊದ್ಲೇ ಹೇಳ್ಬಿಡು, ಹೆಲ್ಮೆಟ್ ಕೊಡ್ತೀನಿ" ಅನ್ನುತ್ತಿದ್ದರು.

ಮೊದಲ ವರ್ಷ ಸೆಮಿಫೈನಲ್ಲಿನಲ್ಲಿ, ಎರಡನೆಯ ವರ್ಷ ಫೈನಲ್ಲಿನಲ್ಲಿ ಅವರಿಗೇ ಸೋತೆವು. ಎರಡು ಸಲವೂ ಕುಳ್ಳಿ ಉದ್ದನೆಯ ಹುಡುಗಿಯ ಕೈ ಕುಲುಕಿ, ಡಾಕ್ಟರ ಮಗಳ ಸರದಿ ಬಂದಾಗ ರಾಕೆಟ್ಟಿನ ದಾರ ಸರಿಮಾಡುತ್ತಾ ನಿಂತಳು. ಅಂಪೈರ್ ಕರೆದು, "ಕೈ ಕೊಡಮ್ಮ" ಅಂದರು.

"ಅವಳು ಒಂದ್ಸಲ ಕೈ ಕೊಟ್ಟಿದ್ದಾಳೆ ಸಾರ್. ಅಷ್ಟು ಸಾಕು" ಅಂದಳು. ಅಂಪೈರ್ ನಕ್ಕುಬಿಟ್ಟರು. ಡಾಕ್ಟರ ಮಗಳು ನಗಲಿಲ್ಲ.

ಮೂರನೆಯ ವರ್ಷ ಮತ್ತೆ ಫೈನಲ್, ಮತ್ತೆ ಅವರೇ. ಮೊದಲ ಗೇಮ್ ಅವರದ್ದು. ಎರಡನೆಯದನ್ನು ಇಪ್ಪತ್ತೆರಡು–ಇಪ್ಪತ್ತಕ್ಕೆ ನಾವು ಎಳೆದುಕೊಂಡೆವು. ಮೂರನೆಯ ಗೇಮಿನಲ್ಲಿ ಅಂಗಳ ಬದಲಿಸುವಾಗ ಹನ್ನೊಂದು–ಎಂಟರಿಂದ ಅವರೇ ಮುಂದಿದ್ದರು. ಕುಳ್ಳಿ ನೀರು ಕುಡಿದು ಬಾಟಲಿ ಕೆಳಗಿಟ್ಟು, "ಈಗ" ಅಂದಳು. ಯಾವುದಕ್ಕೆ ಅಂತ ನಾನು ಕೇಳಲಿಲ್ಲ.

ಆಮೇಲೆ ಉದ್ದನೆಯ ಹುಡುಗಿ ಕೋರ್ಟಿನೊಳಗೇ ಪ್ರೇಕ್ಷಕಳಾಗಿಬಿಟ್ಟಳು. ಶಟಲ್ ಎಲ್ಲ ಡಾಕ್ಟರ ಮಗಳಿಗೇ. ಕುಳ್ಳಿ ಒಂದನ್ನು ನೆಟ್ಟಿನ ಬುಡಕ್ಕೆ ಉದುರಿಸುವಳು, ಅವಳು ಬಲಗಾಲು ಚಾಚಿ ಬಗ್ಗಬೇಕು. ಏಳುವಷ್ಟರಲ್ಲಿ ಹಿಂದಿನ ಮೂಲೆಗೆ ಇನ್ನೊಂದು. ಓಡಿಹೋಗಿ ತಿರುಗಿಸಿದರೆ ಮತ್ತೆ ನೆಟ್ಟಿನ ಬುಡಕ್ಕೆ. ಬಡಿದು ಮುಗಿಸಬಹುದಾದ ಶಟಲ್ಲನ್ನೂ ಕುಳ್ಳಿ ಮುಗಿಸದೆ ಅವಳಿಂದ ಇನ್ನೊಮ್ಮೆ ಬಗ್ಗಿಸಿದಳು. ಹದಿನೇಳು–ಹದಿಮೂರು ನಮ್ಮದಾದಾಗ ಆ ಮಂಡಿ ಕುಸಿಯಿತು. ಅವಳು ನೆಲಕ್ಕೆ ಕೂತಳು.

ಡಾಕ್ಟರು ಪ್ರೇಕ್ಷಕರ ಸಾಲಿನಿಂದ ಇಳಿದು ಬಂದು ಮಗಳ ಪಟ್ಟಿ ಬಿಚ್ಚಿ ನೋಡಿದರು. ಎಷ್ಟು ವರ್ಷದಿಂದ ಹೀಗಿದೆ ಅಂತ ಅವರು ಕೇಳಿದ್ದು ನಮಗೂ ಕೇಳಿಸಿತು. ಉತ್ತರ ಕೇಳಿಸಲಿಲ್ಲ. ಬಿಟ್ಟುಬಿಡು ಅಂದರು. ಮಗಳು ಇಲ್ಲ ಅಂತ ತಲೆಯಾಡಿಸಿ, ಮತ್ತೆ ಪಟ್ಟಿ ಬಿಗಿದು, ಕುಂಟುತ್ತಾ ನೆಟ್ಟಿನ ಹತ್ತಿರ ಬಂದಳು.

"ನಿನಗೆ ಗೊತ್ತಿತ್ತು" ಅಂದಳು ಕುಳ್ಳಿಗೆ.

"ಕಟ್ಟಿದ್ದು ನಾನೇ ಅಲ್ವಾ."

ಮುಂದಿನ ಸರ್ವಿಗೆ ಶಟಲ್ ನನ್ನ ಕಡೆ ಬಂತು. ಡಾಕ್ಟರ ಮಗಳು ಒಂದೇ ಕಾಲಿನ ಮೇಲೆ ನಿಂತಿದ್ದಳು. ನಾನು ಅದನ್ನು ಉದ್ದನೆಯ ಹುಡುಗಿಗೆ ಹೊಡೆದೆ. ಅವಳು ಬಡಿದಳು, ಅವರಿಗೆ ಒಂದು ಪಾಯಿಂಟ್. ಕುಳ್ಳಿ ತಿರುಗಿ ನೋಡಿದಳು. ದನಿ ಏರಿಸಲಿಲ್ಲ. "ಅಕ್ಕಾ, ಅವಳಿಗೆ."

ಎಂಟು ವರ್ಷ ಚಿಕ್ಕವಳು ಹೇಳಿದ ಆ ಎರಡು ಮಾತಿಗೆ ನಾನು ಯಾಕೆ ಮಣಿದೆ ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ. ಎರಡು ವರ್ಷ ಸೋತ ಹೊಟ್ಟೆಯುರಿ ನನ್ನಲ್ಲೂ ಇತ್ತು, ಅಷ್ಟು ಮಾತ್ರ ನಿಜ. ಕೊನೆಯ ನಾಲ್ಕು ಪಾಯಿಂಟ್‌ಗಳೂ ಆ ಮಂಡಿಯ ಮೇಲೆಯೇ ಬಂದವು. ಅದರಲ್ಲಿ ಎರಡು ನನ್ನ ಎಡಗೈಯವು.

ಕುಳ್ಳಿಯ ಅಪ್ಪ ನಮ್ಮ ಹೆಸರು ಬರೆದರು. ಮಗಳು ಕೆಳಗೆ ನಿಂತು, "ಸ್ವಲ್ಪ ದೊಡ್ಡದಾಗಿ ಬರೀರಿ" ಅಂದಳು.

"ಎಲ್ರಿಗೂ ಒಂದೇ ಅಳತೆ" ಅಂದರು ಅವರು. ಇಳಿದ ಮೇಲೆ ನನ್ನ ಹತ್ತಿರ ಬಂದು, "ನಾನೂ ನೋಡ್ದೆ ತಾಯಿ ಆ ಆಟಾನ" ಅಂದು, ಕುಂಚ ಒರೆಸಿಕೊಂಡು ಹೊರಟುಹೋದರು. ಹೊಗಳಿದರೋ ಬೈದರೋ ನನಗೆ ತಿಳಿಯಲಿಲ್ಲ.

ಅಲ್ಲಿಗೆ ಸೇಡು ತೀರಿತು ಅಂದುಕೊಂಡಿದ್ದೆ. ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ವರ್ಷದ ನಂತರ ಡಾಕ್ಟರ ಮಗಳು ಒಂದು ಸಣ್ಣ ಟೂರ್ನಿಗೆ ಬಂದಳು. ಮೊದಲ ಸುತ್ತಿನಲ್ಲೇ ನಮಗೆ ಎದುರಾದಳು. ಅವಳ ಕಾಲು ಇನ್ನೂ ಓಡುವ ಕಾಲಾಗಿರಲಿಲ್ಲ. ಆದರೂ ಕುಳ್ಳಿ ಒಂದು ಶಟಲ್ಲನ್ನೂ ಸಡಿಲ ಬಿಡಲಿಲ್ಲ. ಇಪ್ಪತ್ತೊಂದು–ಮೂರು, ಇಪ್ಪತ್ತೊಂದು–ನಾಲ್ಕು. ಅರ್ಧದಲ್ಲೇ ಜನ ಚಪ್ಪಾಳೆ ನಿಲ್ಲಿಸಿದ್ದರು. ಡಾಕ್ಟರ ಮಗಳು ಆಮೇಲೆ ರಾಕೆಟ್ ಹಿಡಿಯಲಿಲ್ಲ.

ನಾವು ಇನ್ನೂ ಮೂರು ಸಲ ಚಾಂಪಿಯನ್ನರಾದೆವು. ಕುಳ್ಳಿಯ ಆಟ ಹರಿತವಾಗಿಯೇ ಇತ್ತು. ಗೆದ್ದ ಮೇಲೆ ಮಾತ್ರ ಅವಳು ಸುಮ್ಮನೆ ಬ್ಯಾಗ್ ಜೋಡಿಸುತ್ತಿದ್ದಳು, ಬಸ್ಸು ತಪ್ಪೀತು ಅನ್ನುವವಳ ಹಾಗೆ.

ಕೊನೆಯ ವರ್ಷ ಒಂದು ಬೆಳಗ್ಗೆ ಡಾಕ್ಟರ ಮಗಳು ಆಟದ ಹಾಲಿಗೆ ಬಂದಳು. ಕೋರ್ಟು ಇದ್ದದ್ದು ಎರಡನೆಯ ಮಹಡಿಯಲ್ಲಿ. ಅವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವುದನ್ನು ಕುಳ್ಳಿ ಮೇಲೆ ನಿಂತು ನೋಡಿದಳೇ ಹೊರತು ಕೆಳಗಿಳಿಯಲಿಲ್ಲ. ನಾನು ಇಳಿಯಹೊರಟೆ. ನನ್ನ ತೋಳು ಹಿಡಿದು ನಿಲ್ಲಿಸಿದಳು.

"ನಾನೇ ಕೇಳ್ಕೊಂಡಿದ್ದು" ಅಂದಳು ಡಾಕ್ಟರ ಮಗಳು, ಏದುಸಿರು ಬಿಡುತ್ತಾ. "ಕೋಚ್ ಮೇಲೆ ಹಾಕ್ದೆ. ನಿನ್ನ ಮುಖ ನೋಡಿ ಹೇಳೋ ಧೈರ್ಯ ಇರ್ಲಿಲ್ಲ. ತಪ್ಪಾಯ್ತು."

"ಹೂಂ."

"ಕ್ಷಮಿಸ್ದೆ ಅಂತೀಯಾ?"

"ಇಲ್ಲ" ಅಂದಳು ಕುಳ್ಳಿ. "ಕೇಳಿಸ್ಕೊಂಡೆ." ಮತ್ತೆ ಕೋರ್ಟಿಗೆ ಹೋಗಿ ಸರ್ವ್ ಅಭ್ಯಾಸಕ್ಕೆ ನಿಂತಳು. ಡಾಕ್ಟರ ಮಗಳನ್ನು ಬೀದಿಯವರೆಗೆ ನಾನೇ ಇಳಿಸಿಕೊಟ್ಟೆ. ದಾರಿಯಲ್ಲಿ ನಾನೂ ತಪ್ಪಾಯಿತು ಅನ್ನಬೇಕೆಂದಿದ್ದೆ. ಕೊನೆಯ ಮೆಟ್ಟಿಲು ಬಂದಾಗ, ಆಟೋ ಕರೀಲಾ ಅಂತಷ್ಟೇ ಕೇಳಿದೆ.

ಆ ಸಲದ ಚಾಂಪಿಯನ್‌ಶಿಪ್ ಮುಗಿಸಿ ರೈಲಿನಲ್ಲಿ ಮರಳುವಾಗ, ನನಗೆ ಇನ್ನು ಸಾಕು ಅಂತ ಕುಳ್ಳಿಗೆ ಹೇಳಿದೆ. ಅವಳು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಳು. ಯಾಕೆ ಅಂತ ಕೇಳಲಿಲ್ಲ. ನಾನೇ ಕೇಳಿದೆ, "ಆ ಮಂಡಿ ನೆನಪಾದ್ರೆ ನಿನಗೆ ನಿದ್ದೆ ಬರುತ್ತಾ?"

"ಚೆನ್ನಾಗಿ ಬರುತ್ತೆ ಅಕ್ಕಾ. ನಿಮಗೆ ಬರಲ್ವಾ?"

ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಮೊಟ್ಟೆಗೆ ಉಪ್ಪು ಹಚ್ಚಿ ಅರ್ಧ ನನಗೆ ಕೊಟ್ಟಳು.