ಕಡವಿನ ಜಾಕೆಟ್ ಅಮ್ಮ

ಬೆಳಕು ಹರಿಯುವ ಹೊತ್ತು. ದೋಣಿ ಕಡವಿನ ತಗಡಿನ ಚಪ್ಪರದಡಿ ಹಗ್ಗಕ್ಕೆ ನೇತುಹಾಕಿದ ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್‌ಗಳನ್ನು ಆಕೆ ಒಂದೊಂದಾಗಿ ಇಳಿಸಿ ಮೂಗಿಗೆ ಹಿಡಿಯುತ್ತಾರೆ. ವಾಸನೆ ಉಳಿದಿದ್ದರೆ ಅದು ಮತ್ತೆ ಸೋಪಿನ ನೀರಿಗೆ. ಉಳಿದವುಗಳ ಪಟ್ಟಿ ಜಗ್ಗಿ ನೋಡಿ, ಸಡಿಲಿದ್ದಲ್ಲಿ ದಪ್ಪ ದಾರದ ಹೊಲಿಗೆ ಹಾಕುತ್ತಾರೆ. ದಿನಾ ನದಿ ದಾಟುವವರಿಗೆ ಅವರು ಜಾಕೆಟ್ ಅಮ್ಮ.

ದೋಣಿ ನಡೆಸುವುದು ಅವರ ಮಗ. ಜಾಕೆಟ್ ಹಾಕದವರನ್ನು ದಾಟಿಸಿದರೆ ಪರವಾನಗಿ ರದ್ದು ಎಂಬ ನಿಯಮ ಬಂದಾಗ ದಿನಬೆಳಗಾದರೆ ಜಗಳ. "ನನ್ನ ಜೀವ, ನನ್ನಿಷ್ಟ" ಎನ್ನುವವರೇ ಎಲ್ಲ. ಮಗ ಗಂಟಲು ಹರಿದುಕೊಂಡ. ತಾಯಿ ತಾವೇ ಒಂದು ಜಾಕೆಟ್ ತೊಟ್ಟು ಅತ್ತ ದಡಕ್ಕೆ ಹೋಗಿಬಂದರು.

"ಥೂ, ಊರೋರ ಬೆವರೆಲ್ಲ ನನ್ನ ಮೈಮೇಲೆ! ಯಾರು ತಾನೆ ಹಾಕ್ಕೋತಾರೆ? ಜನರ ಮೇಲೆ ಕೂಗಿದ್ದೇ ಬಂತು, ತೊಳೀಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ."

ಗಂಡ ತೀರಿದ ಮೇಲೆ ಮನೆಮನೆಯ ಬಟ್ಟೆ ಒಗೆದು ಮಗನನ್ನು ಸಾಕಿದವರು. ಒಗೆತ ಹೊಸತಲ್ಲ. ಆದರೆ ಜಾಕೆಟ್ ಹಠಮಾರಿ. ಹಿಂಡುವಂತಿಲ್ಲ, ಬಿಸಿಲಿಗೆ ಹಾಕುವಂತಿಲ್ಲ, ಒಳಗಿನ ತೇಲುವ ಸ್ಪಂಜು ಕೆಡುತ್ತದೆ. ದಿನಕ್ಕೆ ಇಪ್ಪತ್ತಾದರೂ ಉಜ್ಜಿ ಬೆರಳ ಸಂದು ಬಿಳಿಚಿ ಒಡೆದಿದೆ.

ಈಗ ಜನ ತಕರಾರಿಲ್ಲದೆ ತೊಡುತ್ತಾರೆ. ತೊಡದವನು ಮಗನೊಬ್ಬನೇ. ಹುಟ್ಟು ಹಾಕುವಾಗ ಕಂಕುಳು ಉಜ್ಜುತ್ತದಂತೆ. ತಾಯಿ ಒಂದು ಜಾಕೆಟ್ಟಿನ ಕಂಕುಳು ಕತ್ತರಿಸಿ ಅಗಲ ಮಾಡಿಕೊಟ್ಟರು. ಕತ್ತರಿಸಿದ್ದು ತೇಲುವ ಭರವಸೆಯಿಲ್ಲ ಎಂದು ದೋಣಿ ತಪಾಸಣೆಗೆ ಬಂದವರು ಅದನ್ನು ಬದಿಗಿಟ್ಟರು. ಕೊನೆಗೆ ಒಳಗೆ ತೊಡಲು, ಕಂಕುಳಿಗೆ ಮೆತ್ತೆ ಇಟ್ಟ ಬನಿಯನ್ ಹೊಲಿದರು. ಬನಿಯನ್ ತೊಟ್ಟ. ಜಾಕೆಟ್ ತೊಡಲಿಲ್ಲ.

ಇವತ್ತೂ ಅದೇ ರಾಗ. "ನಂಗೆ ಈಜು ಬರುತ್ತೆ ಬಿಡಮ್ಮ. ಮುಳುಗಿದ್ರೆ ನಾನು ತಾನೆ?"

ದೋಣಿ ತುಂಬಿದೆ. ತಾಯಿ ಮೊಣಕಾಲುದ್ದ ನೀರಿಗಿಳಿದು ಅದರ ಅಂಚು ಹಿಡಿಯುತ್ತಾರೆ.

"ನಿನ್ನ ಜೀವ ನಿಂದೇ ಕಣೋ, ಯಾರು ಬೇಡ ಅಂದ್ರು? ಆದ್ರೆ ಹುಟ್ಟು ನಿನ್ನ ಕೈಲಿದೆ. ನಡುನೀರಲ್ಲಿ ನೀನು ಬಿದ್ರೆ ಇವರನ್ನ ದಡ ಮುಟ್ಟಿಸೋರು ಯಾರು? ಮೀನು ಬಂದು ಹುಟ್ಟು ಹಾಕ್ತಾವಾ?"

ದೋಣಿಯಲ್ಲಿ ನಗು. "ಹಾಕ್ಕೊಳ್ಳಪ್ಪಾ, ನನ್ನ ಸೊಪ್ಪು ಬಾಡ್ತಿದೆ" ಎನ್ನುತ್ತಾಳೆ ತರಕಾರಿ ಮಾರುವಾಕೆ. "ಇಲ್ಲಾಂದ್ರೆ ನಾವೂ ಬಿಚ್ಚಿಡ್ತೀವಿ ನೋಡು!"

ಮಗ ಗೊಣಗುತ್ತಲೇ ತೊಡುತ್ತಾನೆ. ತಾಯಿ ಅಂಚು ಬಿಡುತ್ತಾರೆ.

ದಡದಲ್ಲಿ ನಿಂತು ಒದ್ದೆಯಾದ ನೆರಿಗೆ ಹಿಂಡುತ್ತ ತಮ್ಮ ಆಸೆ ಹೇಳಿಕೊಳ್ಳುತ್ತಾರೆ. "ಜನ ಇದ್ದಾಗ ಹಾಕ್ಕೊಂಡ. ಖಾಲಿ ದೋಣಿ ತರುವಾಗ್ಲೂ ಹಾಕ್ಕೊಂಡಿರ್ಲಿ. ಆಗ ಕೇಳೋರು ಯಾರೂ ಇರಲ್ಲ. ಆಗ ಅವನು ನನಗೊಬ್ಬಳಿಗೇ ಬೇಕಾದವನು."

ಅತ್ತ ದಡದಲ್ಲಿ ಜನ ಇಳಿಯುತ್ತಾರೆ. ಖಾಲಿ ದೋಣಿ ಈ ಕಡೆ ತಿರುಗುತ್ತದೆ. ಹುಟ್ಟು ಹಾಕುವ ಜಾಗದಲ್ಲಿ ಒಂದೇ ಒಂದು ಕಿತ್ತಳೆ ಚುಕ್ಕೆ.

ಅವರು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಾರೆ.

"ಪಟ್ಟಿ ಬಿಗಿದಿದಾನೋ ಇಲ್ವೋ, ಇಲ್ಲಿಂದ ಕಾಣಲ್ಲ. ಬರ್ಲಿ."